ಡೋವಿಲ್ ಅಂಕ 3 ಎಂದರೆ ಪಾಸೋ ಫೇಲೋ? ತಮ್ಮನ ಪೆಟ್ ಸ್ಕ್ಯಾನ್ ವರದಿ ಕೈಯಲ್ಲಿದೆ

ತುಂಗೆಯ ದಡ:
ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ತಮ್ಮನಿಗೆ 26 ವರ್ಷ. ಏಪ್ರಿಲ್‌ನಲ್ಲಿ ಅವನ ಕತ್ತಿನ ಎಡಬದಿಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು ಎದ್ದಿತು. ನೋವಿರಲಿಲ್ಲ, ಹಾಗಾಗಿ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಬಯಾಪ್ಸಿಯಲ್ಲಿ ಹಾಜ್ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಎಂದು ಬಂದಿತು. ಬೆಂಗಳೂರಿನಲ್ಲಿ ಪೆಟ್ ಸಿಟಿ ಎಂಬ ಇಡೀ ಮೈಯ ಸ್ಕ್ಯಾನ್ ಮಾಡಿಸಿ 2ನೇ ಹಂತ ಎಂದರು. ಎಬಿವಿಡಿ ಎಂಬ ಕಿಮೋ ಎರಡು ಸೈಕಲ್ ಮುಗಿದಿದೆ, ಅಂದರೆ ನಾಲ್ಕು ಸಲ ಡ್ರಿಪ್.

ಮೊನ್ನೆ ಮತ್ತೆ ಪೆಟ್ ಸಿಟಿ ಮಾಡಿಸಿದರು. ವರದಿಯ ಕೊನೆಯಲ್ಲಿ "ಎಡ ಕತ್ತಿನ ಗ್ರಂಥಿಯಲ್ಲಿ ಅಲ್ಪ ಹೀರುವಿಕೆ ಉಳಿದಿದೆ, ಡೋವಿಲ್ ಅಂಕ 3" ಎಂಬ ಅರ್ಥದ ಸಾಲಿದೆ. 5ಕ್ಕೆ 3 ಎಂದರೆ ಶೇ 60ರಷ್ಟು ಕಾಯಿಲೆ ಇನ್ನೂ ಇದೆ ಎಂದೇ? ಡಾಕ್ಟರ್ ಸಿಗುವುದು ಗುರುವಾರ. ಅಮ್ಮ ದೇವರ ಮನೆಯಿಂದ ಹೊರಗೆ ಬರುತ್ತಿಲ್ಲ.

ಇನ್ನೊಂದು ಪ್ರಶ್ನೆ. ಇದನ್ನು ರಕ್ತದ ಕ್ಯಾನ್ಸರ್ ಎನ್ನುತ್ತಾರಲ್ಲ, ಹಾಗಿದ್ದರೆ ರಕ್ತ ಪರೀಕ್ಷೆ ಸಾಲದೇ? ಇಷ್ಟು ದುಬಾರಿ ಸ್ಕ್ಯಾನ್ ಎರಡೆರಡು ಸಲ ಏಕೆ?

ಕೆರೆ ಏರಿ:
ವರದಿಯನ್ನು ನೀವೇ ಓದಬೇಡಿ. ಗುರುವಾರದವರೆಗೆ ಕಾಯಿರಿ.

ತುಂಗೆಯ ದಡ:
ಸರಿ ಸರ್. ಇದನ್ನು ನಮ್ಮ ಅಮ್ಮನಿಗೂ ಒಮ್ಮೆ ಬಂದು ಹೇಳಿ ಹೋಗಿ.

ಸೀಸದ ಗೋಡೆ:
ನಾನು ಮೈಸೂರಿನಲ್ಲಿ ಪೆಟ್ ಸಿಟಿ ಯಂತ್ರದ ಮುಂದೆ ಕೂರುವ ತಂತ್ರಜ್ಞ, ಡಾಕ್ಟರ್ ಅಲ್ಲ. ಆದರೆ ಈ ಅಂಕದ ಬಗ್ಗೆ ವಾರಕ್ಕೆ ನಾಲ್ಕು ಜನ ಗಾಬರಿಯಿಂದ ಕೇಳುತ್ತಾರೆ, ಹಾಗಾಗಿ ಹೇಳಿಬಿಡುತ್ತೇನೆ.

ಇದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲ, ಶೇಕಡಾವಾರು ಲೆಕ್ಕವೂ ಅಲ್ಲ. ಡೋವಿಲ್ ಎಂಬುದು ಫ್ರಾನ್ಸಿನ ಕಡಲತೀರದ ಒಂದು ಊರು. 2009ರಲ್ಲಿ ಅಲ್ಲಿ ಸೇರಿದ ತಜ್ಞರು "ಒಬ್ಬೊಬ್ಬರು ಒಂದೊಂದು ರೀತಿ ವರದಿ ಬರೆದರೆ ಹೇಗೆ" ಎಂದು ಒಂದು ಸರಳ ಅಳತೆಗೋಲು ಮಾಡಿಕೊಂಡರು. ರೋಗಿಯ ಮೈಯೊಳಗಿನ ಎರಡು ಜಾಗಗಳೇ ಅದರ ಗುರುತುಕಲ್ಲು: ಎದೆಗೂಡಿನ ದೊಡ್ಡ ರಕ್ತನಾಳದ ರಕ್ತ ಮತ್ತು ಲಿವರ್. ಸ್ಕ್ಯಾನ್‌ಗೆ ಮೊದಲು ಚುಚ್ಚುವ ಸಕ್ಕರೆಯಂಥ ಮದ್ದನ್ನು ಹೆಚ್ಚು ಹೀರಿದ ಜಾಗ ಚಿತ್ರದಲ್ಲಿ ಹೆಚ್ಚು ಹೊಳೆಯುತ್ತದೆ. ಗಂಟಿನಲ್ಲಿ ಹೊಳಪೇ ಇಲ್ಲದಿದ್ದರೆ 1. ಎದೆಯ ರಕ್ತದಷ್ಟು ಅಥವಾ ಅದಕ್ಕಿಂತ ಕಡಿಮೆ ಹೊಳೆದರೆ 2. ರಕ್ತಕ್ಕಿಂತ ಹೆಚ್ಚು, ಆದರೆ ಲಿವರ್ ದಾಟಿಲ್ಲ ಎಂದರೆ 3. ಲಿವರ್‌ಗಿಂತ ಸ್ವಲ್ಪ ಹೆಚ್ಚಾದರೆ 4. ಲಿವರ್‌ಗಿಂತ ಬಹಳ ಹೆಚ್ಚು, ಇಲ್ಲವೇ ಹೊಸ ಜಾಗದಲ್ಲಿ ರೋಗ ಕಂಡರೆ 5.

ಅಂದರೆ ನಿಮ್ಮ ತಮ್ಮನ ಗಂಟು ಆರೋಗ್ಯವಂತ ಲಿವರ್‌ಗಿಂತ ಹೆಚ್ಚು ಹೊಳೆಯುತ್ತಿಲ್ಲ. ಎಬಿವಿಡಿ ತೆಗೆದುಕೊಳ್ಳುವವರಲ್ಲಿ 1, 2, 3 ಮೂರನ್ನೂ ಸಾಮಾನ್ಯವಾಗಿ ಒಳ್ಳೆಯ ಪ್ರತಿಕ್ರಿಯೆ ಎಂದೇ ಎಣಿಸುತ್ತಾರೆ. ಮುಂದಿನ ತೀರ್ಮಾನ ಡಾಕ್ಟರದು.

ತುಂಗೆಯ ದಡ:
ಅಣ್ಣಾ, ಇದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ದೇವರ ಮನೆಯಿಂದ ಅಡುಗೆ ಮನೆಗೆ ಬಂದಿದ್ದಾರೆ.

ಲೆಕ್ಕದ ಪುಸ್ತಕ:
ಎಲ್ಲ ಸರಿ, ದುಡ್ಡಿನ ಮಾತು ಯಾರೂ ಆಡುತ್ತಿಲ್ಲ. ನಮ್ಮ ಭಾವನಿಗೂ ಲಿಂಫೋಮಾ ಇತ್ತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೊದಲೊಂದು, ನಡುವೆ ಒಂದು, ಕೊನೆಗೊಂದು, ಗುಣವಾದ ಮೇಲೂ ಆರು ತಿಂಗಳಿಗೊಂದು ಪೆಟ್ ಮಾಡಿಸಿದರು. ಅಡಿಕೆ ಮಾರಿದ ಹಣವೆಲ್ಲ ಆ ಯಂತ್ರದ ಸುರಂಗದೊಳಗೆ ಹೋಯಿತು. ಇದು ದಂಧೆಯಲ್ಲದೆ ಮತ್ತೇನು?

ಸೀಸದ ಗೋಡೆ:
ನಿಮ್ಮ ದೂರಿನಲ್ಲಿ ಅರ್ಧ ನಿಜವಿದೆ. ಗುಣವಾಗಿ, ಯಾವ ತೊಂದರೆಯೂ ಇಲ್ಲದೆ ಓಡಾಡಿಕೊಂಡಿರುವವರಿಗೆ ಸುಮ್ಮನೆ ಆರಾರು ತಿಂಗಳಿಗೆ ಪೆಟ್ ಮಾಡುವುದನ್ನು ಮಾರ್ಗಸೂಚಿಗಳೂ ಒಪ್ಪುವುದಿಲ್ಲ. ಇಲ್ಲದ ಗಾಬರಿ, ಬೇಡದ ಬಯಾಪ್ಸಿ, ಮೇಲೆ ವಿಕಿರಣ. ಒಂದು ಪೆಟ್ ಸಿಟಿಗೆ ಯಂತ್ರ ಮತ್ತು ವಿಧಾನಕ್ಕೆ ತಕ್ಕಂತೆ ಸುಮಾರು 10ರಿಂದ 25 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ಆಗುತ್ತದೆ. ನೆಲ, ಗಾಳಿ, ಆಕಾಶದಿಂದ ಮನುಷ್ಯನಿಗೆ ತಾನಾಗಿಯೇ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4.

ಆದರೆ ನಡುವಿನ ಸ್ಕ್ಯಾನ್ ಬೇರೆ ಸಂಗತಿ. ಎಬಿವಿಡಿಯ "ಬಿ" ಎಂದರೆ ಬ್ಲಿಯೋಮೈಸಿನ್. ಅದು ಶ್ವಾಸಕೋಶವನ್ನು ಹಾಳು ಮಾಡಬಲ್ಲ ಮದ್ದು. 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನದಲ್ಲಿ 1,200ಕ್ಕೂ ಹೆಚ್ಚು ರೋಗಿಗಳಿದ್ದರು. ಎರಡು ಸೈಕಲ್ ಆದ ಮೇಲೆ ಪೆಟ್ ಮಾಡಿ, ಅಂಕ 1ರಿಂದ 3 ಬಂದವರಲ್ಲಿ ಅರ್ಧದಷ್ಟು ಜನರಿಗೆ ಬ್ಲಿಯೋಮೈಸಿನ್ ಬಿಟ್ಟು ಉಳಿದ ಮದ್ದು ಮುಂದುವರಿಸಿದರು. ರೋಗದ ಹತೋಟಿ ಹೆಚ್ಚುಕಡಿಮೆ ಅಷ್ಟೇ ಇತ್ತು, ಶ್ವಾಸಕೋಶದ ತೊಂದರೆ ತಗ್ಗಿತು. ಈ ಸ್ಕ್ಯಾನ್‌ನ ಖರ್ಚು 26ರ ಹುಡುಗನ ಪುಪ್ಪುಸವನ್ನು ಉಳಿಸಬಲ್ಲದು.

ಲೆಕ್ಕದ ಪುಸ್ತಕ:
ಅರ್ಧ ನಿಜ ಎಂದು ಒಪ್ಪಿದಿರಲ್ಲ, ಅಷ್ಟು ಸಾಕು. ಉಳಿದರ್ಧ ನಮ್ಮ ಭಾವನಿಗೆ ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ.

ನಿವೃತ್ತ ಮೇಷ್ಟರು:
ಯಂತ್ರವನ್ನು ಬೈಯುವವರು ಇದನ್ನು ಕೇಳಿ. 1980ರ ದಶಕದ ಆರಂಭದಲ್ಲಿ ನಮ್ಮ ಅಕ್ಕನಿಗೆ ಇದೇ ಕಾಯಿಲೆ ಬಂದಿತ್ತು. ಆಗ ಹೊಟ್ಟೆಯೊಳಗಿನ ಗ್ರಂಥಿಗಳನ್ನು ನೋಡಲು ಒಂದು ಪರೀಕ್ಷೆ ಮಾಡುತ್ತಿದ್ದರು. ಕಾಲ್ಬೆರಳುಗಳ ಸಂದಿಗೆ ನೀಲಿ ಬಣ್ಣದ ಸೂಜಿ ಚುಚ್ಚಿ, ಪಾದದ ಮೇಲ್ಭಾಗದಲ್ಲಿ ಚರ್ಮ ಕೊಯ್ದು, ಕೂದಲೆಳೆಯಂಥ ದುಗ್ಧನಾಳವನ್ನು ಹುಡುಕಿ, ಅದರೊಳಗೆ ಎಣ್ಣೆಯಂಥ ಮದ್ದನ್ನು ಗಂಟೆಗಟ್ಟಲೆ ಬಿಡುವುದು. ಆಮೇಲೆ ಎಕ್ಸ್‌ರೇ. ಅಕ್ಕನ ಪಾದ ಎಷ್ಟೋ ದಿನ ನೀಲಿಯಾಗಿಯೇ ಇತ್ತು. "ಕೃಷ್ಣನ ಪಾದ" ಎಂದು ನಾವು ಮಕ್ಕಳು ನಗಿಸುತ್ತಿದ್ದೆವು.

ಅದೂ ಸಾಲದೆ ಹೊಟ್ಟೆ ಕೊಯ್ದು ಗುಲ್ಮವನ್ನೇ, ಅಂದರೆ ಸೋಂಕು ತಡೆಯಲು ನೆರವಾಗುವ ಸ್ಪ್ಲೀನನ್ನೇ ತೆಗೆದರು. ರೋಗ ವಾಸಿ ಮಾಡಲಿಕ್ಕಲ್ಲ, ರೋಗ ಎಲ್ಲೆಲ್ಲಿ ಇದೆ ಎಂದು ನೋಡಲಿಕ್ಕೆ! ಆಗ ಅದೇ ಪದ್ಧತಿ. ಅಕ್ಕ ಬದುಕಿದ್ದಾಳೆ, ಈಗ ಮೊಮ್ಮಕ್ಕಳಿದ್ದಾರೆ. ಆದರೆ ಗುಲ್ಮವಿಲ್ಲದ ಕಾರಣ ಇವತ್ತಿಗೂ ಜ್ವರ ಬಂದರೆ ಮನೆಯೆಲ್ಲ ಎದ್ದು ಕೂರುತ್ತೇವೆ, ನ್ಯುಮೋನಿಯಾ ಲಸಿಕೆ ತಪ್ಪಿಸುವಂತಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಇಪ್ಪತ್ತು ನಿಮಿಷ ಮಲಗಿಸಿ ಇಡೀ ಮೈ ನೋಡುತ್ತಾರೆ ಎಂದರೆ ನನಗಂತೂ ಪವಾಡವೇ.

ಕಾಳಿ ನದಿ:
ನಾವು ಕಾರವಾರದವರು. ಅಪ್ಪನನ್ನು ಪೆಟ್ ಸ್ಕ್ಯಾನ್‌ಗೆ ಕರೆದುಕೊಂಡು ಹೋದಾಗ "ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ" ಎಂಬ ಬೋರ್ಡ್ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಇಲ್ಲಿಯೂ ಒಂದು ಕೈಗಾ ಮಾಡಿದ್ದಾರೆಯೇ?" ಎಂದು ಕೇಳಿದರು.

ಕೆರೆ ಏರಿ:
ಪೆಟ್ ಎಂದರೆ ನಮ್ಮ ಅತ್ತೆ ನಾಯಿ ಬೆಕ್ಕಿನ ಆಸ್ಪತ್ರೆ ಎಂದುಕೊಂಡಿದ್ದರು. ಇದಕ್ಕೊಂದು ಕನ್ನಡ ಪದ ಇಲ್ಲವೇ?

ನಿವೃತ್ತ ಮೇಷ್ಟರು:
"ಪಾಸಿಟ್ರಾನ್ ಉತ್ಸರ್ಜನ ಛೇದಚಿತ್ರಣ" ಎಂದು ಮಾಡಬಹುದು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ರೋಗಿಯ ಸರದಿ ದಾಟಿ ಹೋಗಿರುತ್ತದೆ. ಪೆಟ್ ಎಂದೇ ಇರಲಿ.

ಬೆಲ್ಲದ ಅಚ್ಚು:
ಎಲ್ಲರೂ ಒಂದು ಮುಖ್ಯ ವಿಷಯ ಮರೆತಿದ್ದೀರಿ. ಆ ಇಂಜೆಕ್ಷನ್ ಸಕ್ಕರೆಯಿಂದ ಮಾಡಿದ್ದು. ಕ್ಯಾನ್ಸರ್ ಸಕ್ಕರೆ ತಿನ್ನುತ್ತದೆ ಎಂಬುದನ್ನು ಸ್ಕ್ಯಾನೇ ತೋರಿಸುತ್ತದೆ. ಹಾಗಾದರೆ ಅನ್ನ, ಸಕ್ಕರೆ, ಹಣ್ಣು ಪೂರ್ತಿ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ. ಇದನ್ನು ಡಾಕ್ಟರುಗಳು ಹೇಳುವುದಿಲ್ಲ.

ಸೀಸದ ಗೋಡೆ:
ಹೇಳುವುದಿಲ್ಲ, ಏಕೆಂದರೆ ಅದು ನಿಜವಲ್ಲ. ಪೆಟ್ ಚಿತ್ರದಲ್ಲಿ ದಿನವೂ ಢಾಳಾಗಿ ಹೊಳೆಯುವುದು ಯಾವುದು ಗೊತ್ತೇ? ಮಿದುಳು. ಹೃದಯವೂ ಎಷ್ಟೋ ಸಲ ಹೊಳೆಯುತ್ತದೆ. ನೀವು ಅನ್ನ ಬಿಟ್ಟರೂ ಲಿವರ್ ತಾನೇ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಕ್ಯಾನ್ಸರ್ ಉಪವಾಸ ಬೀಳುವ ಮೊದಲು ಕಿಮೋದಲ್ಲಿರುವ ರೋಗಿ ಸೊರಗುತ್ತಾನೆ.

ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚು ಬಳಸುತ್ತವೆ ಎಂಬುದನ್ನು ಜರ್ಮನಿಯ ಆಟೋ ವಾರ್‌ಬರ್ಗ್ ನೂರು ವರ್ಷಗಳ ಹಿಂದೆಯೇ ಗಮನಿಸಿದ್ದರು. ನಾವು ಚುಚ್ಚುವ ಎಫ್‌ಡಿಜಿ ಸಕ್ಕರೆಯ ವೇಷ ಹಾಕಿದ ಪದಾರ್ಥ. ಕೋಶದ ಒಳಗೆ ಹೋಗುತ್ತದೆ, ಆದರೆ ಜೀರ್ಣವಾಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಅಂಟಿಸಿದ ಫ್ಲೋರಿನ್-18 ಎಂಬ ವಿಕಿರಣಶೀಲ ಪದಾರ್ಥ ಪಾಸಿಟ್ರಾನ್ ಎಂಬ ಕಣವನ್ನು ಬಿಡುತ್ತದೆ. ಅದು ಎಲೆಕ್ಟ್ರಾನ್ ಒಂದಕ್ಕೆ ಡಿಕ್ಕಿ ಹೊಡೆದು ಎರಡೂ ಇಲ್ಲವಾದಾಗ ಎದುರುಬದುರು ದಿಕ್ಕಿಗೆ ಎರಡು ಗಾಮಾ ಕಿರಣಗಳು ಚಿಮ್ಮುತ್ತವೆ. ಸುತ್ತಲಿನ ಬಳೆಯಂಥ ಯಂತ್ರ ಆ ಜೋಡಿಯನ್ನು ಹಿಡಿದು ಜಾಗ ಲೆಕ್ಕ ಹಾಕುತ್ತದೆ. ಇಷ್ಟೇ ಗುಟ್ಟು.

ಬೆಲ್ಲದ ಅಚ್ಚು:
ನಮ್ಮ ಪಕ್ಕದ ಮನೆಯವರಿಗೆ ಗುಣವಾಗಿದೆ.

ಪುಟ್ಟಿಯ ಅಮ್ಮ:
ಅವರು ಕಿಮೋ ತೆಗೆದುಕೊಳ್ಳಲಿಲ್ಲವೇ?

ಬೆಲ್ಲದ ಅಚ್ಚು:
ಕಿಮೋವನ್ನೂ ತೆಗೆದುಕೊಂಡರು.

ಕೆರೆ ಏರಿ:
😀 ಮುಂದೆ ಹೋಗೋಣ.

ಪುಟ್ಟಿಯ ಅಮ್ಮ:
ನನಗೂ ಒಂದು ಅನುಮಾನ ಬಹಳ ದಿನದಿಂದ ಕೊರೆಯುತ್ತಿದೆ. ಮಗಳಿಗೆ ಆರು ವರ್ಷವಿದ್ದಾಗ ಎ.ಎಲ್.ಎಲ್. ಎಂಬ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಬಂದಿತು. ಕಿದ್ವಾಯಿಯಲ್ಲಿ ಚಿಕಿತ್ಸೆ ಆಯಿತು, ಈಗ ಮೂರನೇ ತರಗತಿಯಲ್ಲಿದ್ದಾಳೆ. ಅವಳಿಗೆ ಒಮ್ಮೆಯೂ ಪೆಟ್ ಮಾಡಲಿಲ್ಲ. ನಮ್ಮ ಹತ್ತಿರ ದುಡ್ಡಿಲ್ಲವೆಂದು ಬಿಟ್ಟುಬಿಟ್ಟರೇ ಎಂದು ಯಜಮಾನರು ಈಗಲೂ ಕೇಳುತ್ತಾರೆ.

ಸೀಸದ ಗೋಡೆ:
ಖಂಡಿತ ಅಲ್ಲ ಅಕ್ಕ. ದುಡ್ಡಿರುವವರ ಮಕ್ಕಳಿಗೂ ಎ.ಎಲ್.ಎಲ್.ಗೆ ಸಾಮಾನ್ಯವಾಗಿ ಪೆಟ್ ಮಾಡುವುದಿಲ್ಲ. ಶಿವಮೊಗ್ಗದವರ ಎರಡನೇ ಪ್ರಶ್ನೆಗೂ ಇದೇ ಉತ್ತರ. ಲ್ಯುಕೇಮಿಯಾ ಹುಟ್ಟುವುದೇ ಮೂಳೆಯ ಮಜ್ಜೆಯಲ್ಲಿ. ಗೊತ್ತಾಗುವ ಹೊತ್ತಿಗೆ ಮಜ್ಜೆ ತುಂಬ ಹರಡಿರುತ್ತದೆ. "ಎಲ್ಲಿದೆ" ಎಂದು ಹುಡುಕುವ ಅಗತ್ಯವಿಲ್ಲ. "ಎಷ್ಟಿದೆ, ಯಾವ ಜಾತಿಯದು" ಎಂಬುದು ಮುಖ್ಯ. ಅದಕ್ಕೆ ಮಜ್ಜೆಯ ಪರೀಕ್ಷೆ ಮತ್ತು ಕೋಶಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ಫ್ಲೋ ಸೈಟೋಮೆಟ್ರಿ ಬೇಕು. ಚಿಕಿತ್ಸೆಯ ನಂತರ 10,000 ಕೋಶಗಳಲ್ಲಿ 1 ಉಳಿದಿದ್ದರೂ ಅದು ಹಿಡಿಯುತ್ತದೆ. ಯಾವ ಸ್ಕ್ಯಾನ್‌ಗೂ ಅಷ್ಟು ಸೂಕ್ಷ್ಮ ಕಣ್ಣಿಲ್ಲ.

ಲಿಂಫೋಮಾ ಹಾಗಲ್ಲ. ಗ್ರಂಥಿಗಳಲ್ಲಿ ಗಂಟು ಕಟ್ಟಿ ಕೂರುತ್ತದೆ, ರಕ್ತದಲ್ಲಿ ಎಷ್ಟೋ ಸಲ ಸುಳಿವೇ ಇರುವುದಿಲ್ಲ. ಅಲ್ಲಿ ಚಿತ್ರ ಬೇಕೇ ಬೇಕು.

ಪುಟ್ಟಿಯ ಅಮ್ಮ:
ಅವಳಿಗೂ ಸ್ಕ್ಯಾನ್‌ಗಳೇನೋ ಆಗಿದ್ದವು. ಮೊದಲ ದಿನವೇ ಎದೆಯ ಎಕ್ಸ್‌ರೇ, ಆಮೇಲೆ ಹೃದಯದ ಎಕೋ. ಒಮ್ಮೆ ಬಿಳಿ ರಕ್ತಕಣ ಪೂರ್ತಿ ಕುಸಿದಾಗ ಐದು ದಿನ ಜ್ವರ ಇಳಿಯಲೇ ಇಲ್ಲ, ಆಗ ಎದೆಯ ಸಿಟಿ.

ಸೀಸದ ಗೋಡೆ:
ಎಲ್ಲಕ್ಕೂ ಕಾರಣವಿದೆ. ಎ.ಎಲ್.ಎಲ್.ನ ಕೆಲವು ಬಗೆಗಳಲ್ಲಿ ಎದೆಯ ನಡುವೆ ಗಡ್ಡೆ ಬೆಳೆದು ಶ್ವಾಸನಾಳವನ್ನು ಒತ್ತುತ್ತದೆ, ಅದಕ್ಕೆ ಮೊದಲು ಎಕ್ಸ್‌ರೇ. ಕೆಂಪು ಬಣ್ಣದ ಕಿಮೋ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಲ್ಲದು, ಅದಕ್ಕೆ ಎಕೋ. ಜ್ವರ ಇಳಿಯದಿದ್ದರೆ ಶ್ವಾಸಕೋಶದಲ್ಲಿ ಶಿಲೀಂಧ್ರದ ಸೋಂಕು ಇದೆಯೇ ಎಂದು ಸಿಟಿ ಮಾಡುತ್ತಾರೆ. ಶ್ವಾಸಕೋಶದ ಗಂಟಿನ ಸುತ್ತ ಹುಣ್ಣಿಮೆ ಚಂದ್ರನ ಸುತ್ತಲಿನ ಬೆಳಕಿನ ಬಳೆಯಂತೆ ಮಸುಕು ಕಂಡರೆ ಮದ್ದು ಬದಲಾಗುತ್ತದೆ.

ಪುಟ್ಟಿಯ ಅಮ್ಮ:
ಇದನ್ನು ಯಜಮಾನರಿಗೆ ತೋರಿಸಿದೆ. ಏನೂ ಹೇಳಲಿಲ್ಲ, ಎರಡು ಸಲ ಓದಿದರು.

ಜೋಳದ ರೊಟ್ಟಿ:
ನಮ್ಮದು ಹುಬ್ಬಳ್ಳಿ. ಇಲ್ಲಿ ಯಾರೂ ಮೈಲೋಮಾದ ಮಾತು ಎತ್ತಿಲ್ಲ, ಮಜ್ಜೆಯಲ್ಲಿ ಹುಟ್ಟಿ ಮೂಳೆ ತಿನ್ನುವ ಅದೂ ರಕ್ತದ ಕ್ಯಾನ್ಸರೇ. ಅಪ್ಪನಿಗೆ 63 ವರ್ಷ. ಬೆನ್ನು ನೋವು ಎಂದು ಎಂಟು ತಿಂಗಳು ಮುಲಾಮು ತಿಕ್ಕಿದೆವು. ಎಕ್ಸ್‌ರೇಯಲ್ಲಿ "ವಯಸ್ಸಿನ ಸವೆತ" ಎಂದರು. ಒಂದು ಕಡೆ ಬೋನ್ ಸ್ಕ್ಯಾನ್ ಕೂಡ ಮಾಡಿದರು, ಏನೂ ಇಲ್ಲ ಎಂದು ಬಂದಿತು. ನಾವು ಪೇಢೆ ಹಂಚಿದ್ದೆವು! ಎರಡು ತಿಂಗಳಲ್ಲಿ ಬಾವಿಯಿಂದ ಕೊಡ ಎತ್ತುವಾಗ ಬೆನ್ನುಮೂಳೆ ಕುಸಿಯಿತು. ಆಮೇಲೆ ರಕ್ತದಲ್ಲಿ ಪ್ರೋಟೀನ್ ಪರೀಕ್ಷೆ, ಮಜ್ಜೆ, ಎಂಆರ್‌ಐ ಎಲ್ಲ ಆಗಿ ಮೈಲೋಮಾ ಎಂದರು. ಮೂಳೆಯ ಕಾಯಿಲೆಯನ್ನು ಮೂಳೆಯ ಸ್ಕ್ಯಾನ್ ಹೇಗೆ ತಪ್ಪಿಸಿತು? ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಸೀಸದ ಗೋಡೆ:
ನಿಮ್ಮ ಸಿಟ್ಟು ನ್ಯಾಯವಾದದ್ದು ಅಕ್ಕ. ಬೋನ್ ಸ್ಕ್ಯಾನ್‌ಗೆ ಕೊಡುವ ಟೆಕ್ನೀಷಿಯಂ ಮದ್ದು ಅಂಟಿಕೊಳ್ಳುವುದು ಮೂಳೆ ಹೊಸದಾಗಿ ಕಟ್ಟಿಕೊಳ್ಳುವ ಜಾಗಕ್ಕೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳು ಮೂಳೆಗೆ ಹಬ್ಬಿದಾಗ ದೇಹ ಅಲ್ಲಿ ರಿಪೇರಿಗೆ ಇಳಿಯುತ್ತದೆ, ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಮೈಲೋಮಾ ಮಾತ್ರ ಮೂಳೆಯನ್ನು ತಿನ್ನುವುದರ ಜೊತೆಗೆ ಕಟ್ಟುವ ಕೋಶಗಳ ಕೈಯನ್ನೂ ಕಟ್ಟಿಹಾಕುತ್ತದೆ. ಗೆದ್ದಲು ತಿಂದ ಜಂತಿ ಇದ್ದ ಹಾಗೆ: ಒಳಗೆ ಟೊಳ್ಳು, ರಿಪೇರಿಗೆ ಬಂದ ಬಡಗಿಯೇ ಇಲ್ಲ. ಹಾಗಾಗಿ ಸ್ಕ್ಯಾನ್ ಎಷ್ಟೋ ಸಲ ಏನೂ ಇಲ್ಲ ಎನ್ನುತ್ತದೆ. ಎಕ್ಸ್‌ರೇಯಲ್ಲಿ ಗೊತ್ತಾಗಬೇಕಾದರೂ ಆ ಜಾಗದ ಮೂಳೆ ಕನಿಷ್ಠ ಶೇ 30ರಷ್ಟು ಕರಗಿರಬೇಕು.

ಈಗ ಮೈಲೋಮಾ ಶಂಕೆ ಇದ್ದರೆ ಕಡಿಮೆ ವಿಕಿರಣದ ಇಡೀ ಮೈ ಸಿಟಿ, ಇಲ್ಲವೇ ಇಡೀ ಮೈ ಎಂಆರ್‌ಐ, ಅಥವಾ ಪೆಟ್ ಸಿಟಿ ಮಾಡುತ್ತಾರೆ. ಎಂಆರ್‌ಐ ಮಜ್ಜೆಯನ್ನೇ ನೋಡುವುದರಿಂದ ಮೂಳೆ ಕರಗುವ ಮೊದಲೇ ಹಿಡಿಯುತ್ತದೆ. 2014ರಿಂದ ನಿಯಮವೂ ಬದಲಾಗಿದೆ. ಎಂಆರ್‌ಐನಲ್ಲಿ 5 ಮಿಲಿಮೀಟರ್ ಅಥವಾ ಹೆಚ್ಚಿನ ಗಾತ್ರದ ಒಂದಕ್ಕಿಂತ ಹೆಚ್ಚು ಗಂಟು ಕಂಡರೆ, ನೋವು ಬರಲಿ ಎಂದು ಕಾಯದೆ ಚಿಕಿತ್ಸೆ ಶುರು ಮಾಡಬಹುದು.

ಇನ್ನೊಂದು ಮಾತು. ಸಿಟಿಗೆ ಬಣ್ಣದ ಇಂಜೆಕ್ಷನ್ ಕೊಡುವ ಮೊದಲು ಅಪ್ಪನ ಕಿಡ್ನಿ ವಿಚಾರವನ್ನು ಹೇಳುವುದು ಮರೆಯಬೇಡಿ. ಮೈಲೋಮಾ ಕಿಡ್ನಿಗೂ ಪೆಟ್ಟು ಕೊಡುವ ಕಾಯಿಲೆ. ಕಡಿಮೆ ವಿಕಿರಣದ ಸಿಟಿಗೆ ಆ ಇಂಜೆಕ್ಷನ್ ಬೇಕಾಗುವುದಿಲ್ಲ.

ಜೋಳದ ರೊಟ್ಟಿ:
ಗೆದ್ದಲಿನ ಮಾತು ಅಪ್ಪನಿಗೆ ತಕ್ಷಣ ಅರ್ಥವಾಯಿತು. ಅವರು ಬಡಗಿಯೇ.

ಬಿಸಿಲೂರು:
ಕಲಬುರಗಿಯಿಂದ. ಪೆಟ್ ನಂಬುವವರಿಗೆ ನನ್ನದೊಂದು ಕಥೆ. ನನಗೂ ಲಿಂಫೋಮಾ ಇತ್ತು, ಕಿಮೋ ಮುಗಿದು ಎಲ್ಲ ಸರಿಯಾಗಿತ್ತು. ಒಂದು ವರ್ಷದ ಮೇಲೆ ತೂಕ ಇಳಿಯಿತು, ಸಂಜೆ ಜ್ವರ. ಪೆಟ್‌ನಲ್ಲಿ ಎದೆಯ ಗ್ರಂಥಿಗಳು ದೀಪಾವಳಿಯ ಹಾಗೆ ಉರಿಯುತ್ತಿದ್ದವು. "ರೋಗ ಮರಳಿದೆ" ಎಂದು ಮನೆಯಲ್ಲಿ ಅಳು. ಹಿರಿಯ ಡಾಕ್ಟರ್ ಒಬ್ಬರು ಮಾತ್ರ "ಚೂರು ತೆಗೆದು ನೋಡದೆ ನಾನು ಕಿಮೋ ಬರೆಯುವುದಿಲ್ಲ" ಎಂದು ಹಟ ಹಿಡಿದರು. ಬಯಾಪ್ಸಿ ಮಾಡಿದರೆ ಕ್ಷಯ! ಆರು ತಿಂಗಳು ಟಿ.ಬಿ. ಮಾತ್ರೆ ನುಂಗಿದೆ, ಗುಣವಾಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಸೀಸದ ಗೋಡೆ:
ಆ ಡಾಕ್ಟರಿಗೆ ನಮಸ್ಕಾರ. ಯಂತ್ರಕ್ಕೆ ಕಾಣುವುದು ಸಕ್ಕರೆಯ ಹಸಿವು, ಕ್ಯಾನ್ಸರ್ ಅಲ್ಲ. ಸೋಂಕಿನ ಜಾಗವೂ ಹೊಳೆಯುತ್ತದೆ. ಕೋವಿಡ್ ಲಸಿಕೆಯ ದಿನಗಳಲ್ಲಿ ಕಂಕುಳಿನ ಗ್ರಂಥಿಗಳು ಹೊಳೆದು ನಮ್ಮನ್ನು ಸಾಕಷ್ಟು ಆಡಿಸಿದವು. ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಇಡೀ ಮಜ್ಜೆ ಹೊಳೆಯುತ್ತದೆ. ತದ್ವಿರುದ್ಧವೂ ಉಂಟು: ನಿಧಾನಗತಿಯ ಕೆಲವು ಲಿಂಫೋಮಾಗಳು ಇದ್ದರೂ ಹೆಚ್ಚು ಹೊಳೆಯುವುದಿಲ್ಲ.

ಶಿವಮೊಗ್ಗದವರೇ, ಒಂದು ಪ್ರಶ್ನೆ. ಇಂಜೆಕ್ಷನ್ ಆದ ಮೇಲಿನ ಒಂದು ಗಂಟೆ ತಮ್ಮ ಏನು ಮಾಡುತ್ತಿದ್ದ?

ತುಂಗೆಯ ದಡ:
ಅಲ್ಲಿ ವಿಪರೀತ ಎ.ಸಿ. ಚಳಿಯಂತೆ. ಹೊದಿಕೆ ಕೇಳಲು ಸಂಕೋಚಪಟ್ಟುಕೊಂಡಿದ್ದಾನೆ. ಆಮೇಲೆ... ಈಗ ಕೇಳಿದರೆ ಹೇಳುತ್ತಿದ್ದಾನೆ, ಅರ್ಧ ಗಂಟೆ ಮೊಬೈಲ್‌ನಲ್ಲಿ ಮಾತನಾಡುತ್ತಿದ್ದನಂತೆ. ಯಾರೊಂದಿಗೆ ಎಂದು ಮಾತ್ರ ಹೇಳುತ್ತಿಲ್ಲ.

ಸೀಸದ ಗೋಡೆ:
ಅಯ್ಯೋ. ಮಾತನಾಡಿದರೆ ಗಂಟಲಿನ ಸ್ನಾಯುಗಳು ಸಕ್ಕರೆ ಹೀರುತ್ತವೆ. ಚ್ಯೂಯಿಂಗ್ ಗಮ್ ಜಗಿದರೆ ದವಡೆ. ಚಳಿಯಾದರೆ ಕತ್ತು ಮತ್ತು ಹೆಗಲಿನ ಕಂದು ಕೊಬ್ಬು ಮೈ ಬೆಚ್ಚಗಿಡಲು ಉರಿದು ಹೊಳೆಯುತ್ತದೆ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ. ವರದಿ ಬರೆಯುವವರು ಇದನ್ನೆಲ್ಲ ಸಿಟಿ ಚಿತ್ರಕ್ಕೆ ತಾಳೆ ನೋಡಿ ಬೇರ್ಪಡಿಸುತ್ತಾರೆ, ಹಾಗಾಗಿ ನಿಮ್ಮ 3ಕ್ಕೆ ಇದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಮುಂದಿನ ಸಲ ಬಾಯಿ ಮುಚ್ಚಿ, ಕಂಬಳಿ ಹೊದ್ದು ಮಲಗಲು ಹೇಳಿ.

ಕೆರೆ ಏರಿ:
ನಮ್ಮ ಮಾವ ಬೆಳಿಗ್ಗೆ "ಒಂದೇ ಒಂದು ಬಾಳೆಹಣ್ಣು" ತಿಂದು ಹೋಗಿದ್ದರು. ಸ್ಕ್ಯಾನ್ ರದ್ದು. ಅಲ್ಲಿನ ಸಿಬ್ಬಂದಿ ಬೈದ ಬೈಗುಳ ಊರಿಗೆಲ್ಲ ಕೇಳಿಸಿತು.

ಸೀಸದ ಗೋಡೆ:
ಬೈಯಬಾರದಿತ್ತು. ಆದರೆ ಅವರ ಸಂಕಟವೂ ಕೇಳಿ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇಲ್ಲದ ಊರಿಗೆ ಸೀಸದ ಡಬ್ಬಿಯಲ್ಲಿ ಬೆಳಗಿನ ಜಾವ ಗಾಡಿಯಲ್ಲಿ ಬರುತ್ತದೆ. ದಾರಿಯಲ್ಲಿ ಟ್ರಾಫಿಕ್ ಆದರೆ ನಮ್ಮ ಎದೆ ಹೊಡೆದುಕೊಳ್ಳುತ್ತದೆ. 1976ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಮೊದಲ ಸಲ ಎಫ್‌ಡಿಜಿ ಕೊಟ್ಟಾಗಲೂ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಯಾರಿಸಿ ಫಿಲಡೆಲ್ಫಿಯಾಕ್ಕೆ ವಿಮಾನದಲ್ಲಿ ಸಾಗಿಸಿದ್ದರು. ಆ ಓಟ ಇವತ್ತಿಗೂ ನಿಂತಿಲ್ಲ. ಬಾಳೆಹಣ್ಣು ತಿಂದರೆ ಇನ್ಸುಲಿನ್ ಏರಿ ಮದ್ದೆಲ್ಲ ಸ್ನಾಯುಗಳಿಗೆ ಹೋಗುತ್ತದೆ, ಚಿತ್ರ ಕೆಡುತ್ತದೆ. ಮತ್ತೆ ಆರು ಗಂಟೆ ಕಾಯಿಸೋಣವೆಂದರೆ ಡಬ್ಬಿಯಲ್ಲಿ ಕಾಲು ಭಾಗವೂ ಉಳಿಯುವುದಿಲ್ಲ. ನೀರು ಮಾತ್ರ ಬೇಕಾದಷ್ಟು ಕುಡಿಯಬಹುದು.

ತುಂಗೆಯ ದಡ:
ಇವತ್ತು ಗುರುವಾರ. ಡಾಕ್ಟರನ್ನು ಕಂಡು ಈಗ ಬಸ್ ಹತ್ತಿದ್ದೇವೆ.

ಅವರು ಎರಡೂ ಸ್ಕ್ಯಾನ್‌ಗಳನ್ನು ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ತೋರಿಸಿದರು. ಮೇ ತಿಂಗಳಿನದರಲ್ಲಿ ಕತ್ತು ಮತ್ತು ಎದೆಯಲ್ಲಿ ಕೆಂಡ ಸುರಿದ ಹಾಗಿತ್ತು. ಈಗಿನದರಲ್ಲಿ ನಾನು ಹುಡುಕಿದರೂ ಆ ಗ್ರಂಥಿ ಕಾಣಲಿಲ್ಲ, ಅವರೇ ಬೆರಳಿಟ್ಟು ತೋರಿಸಬೇಕಾಯಿತು. 3 ಎಂದರೆ ಸಮಾಧಾನಕರ ಎಂದರು. ಬ್ಲಿಯೋಮೈಸಿನ್ ಬಿಟ್ಟು ಉಳಿದ ಮೂರು ಮದ್ದು ಇನ್ನು ನಾಲ್ಕು ಸೈಕಲ್. ಮುಗಿದು ಆರರಿಂದ ಎಂಟು ವಾರ ಬಿಟ್ಟು ಕೊನೆಯ ಪೆಟ್. ಲೆಕ್ಕ ಹಾಕಿದರೆ ಜನವರಿಗೆ ಬರುತ್ತದೆ.

ಅಮ್ಮ ಎಲ್ಲ ಕೇಳಿಸಿಕೊಂಡು "ಇವನಿಗೆ ಸಿಹಿ ಕೊಡಬಹುದೇ?" ಎಂದು ಕೇಳಿದರು. ಡಾಕ್ಟರ್ ನಕ್ಕು "ಧಾರಾಳವಾಗಿ" ಎಂದರು. ಬೆಲ್ಲದ ಅಚ್ಚು ಅವರು ಕ್ಷಮಿಸಬೇಕು.

ಬೆಲ್ಲದ ಅಚ್ಚು:
ಪರವಾಗಿಲ್ಲ. ಹುಡುಗ ಚೆನ್ನಾಗಿರಲಿ. ಕೊಡುವುದಾದರೆ ಸಕ್ಕರೆ ಬೇಡ, ಬೆಲ್ಲದ್ದೇ ಕೊಡಿ.

ಲೆಕ್ಕದ ಪುಸ್ತಕ:
ಬಸ್ಸಿನಲ್ಲಿ ಏಕೆ ಹೋದಿರಿ? ರೈಲಿನಲ್ಲಿ ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಹೋಗಿಬರಲು ರಿಯಾಯಿತಿ ಇದೆ. ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಭಾಗ. ಆಸ್ಪತ್ರೆಯಲ್ಲಿ ರೈಲ್ವೆಯ ನಮೂನೆಗೆ ಸಹಿ ಹಾಕಿಸಿಕೊಂಡು ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು. ನಾವು ಇದನ್ನು ತಿಳಿದುಕೊಳ್ಳುವಷ್ಟರಲ್ಲಿ ಹನ್ನೊಂದು ಸಲ ಓಡಾಡಿ ಮುಗಿದಿತ್ತು.

ತುಂಗೆಯ ದಡ:
ಇದು ಗೊತ್ತೇ ಇರಲಿಲ್ಲ ಸರ್. ಮುಂದಿನ ಸೈಕಲ್‌ಗೆ ಹೋದಾಗ ಮೊದಲು ಆ ನಮೂನೆ ಕೇಳುತ್ತೇನೆ.

ಸೀಸದ ಗೋಡೆ:
ಜನವರಿಯ ಸ್ಕ್ಯಾನ್‌ಗೆ ಸ್ವೆಟರ್ ಮರೆಯಬೇಡಿ. ತಮ್ಮನ ಮೊಬೈಲ್ ನಿಮ್ಮ ಹತ್ತಿರವೇ ಇರಲಿ.

ಪುಟ್ಟಿಯ ಅಮ್ಮ:
ಯಾರೊಂದಿಗೆ ಮಾತನಾಡುತ್ತಿದ್ದ ಎಂಬುದು ಕೊನೆಗೂ ಗೊತ್ತಾಗಲಿಲ್ಲವೇ?

ತುಂಗೆಯ ದಡ:
ಅಮ್ಮನಿಗೆ ಗೊತ್ತಾಗಿದೆ ಎಂದು ಕಾಣುತ್ತದೆ ಅಕ್ಕ. ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಅವರೇ ಕೂತಿದ್ದಾರೆ.